ಯೂರಿಯಾ ಅಗ್ಗ ಮಾಡುವವರೂ ಅವರೇ, ಮಣ್ಣು ಉಳಿಸಿ ಅನ್ನುವವರೂ ಅವರೇ: ಇದಕ್ಕೆ ದಾರಿ ಏನು?

ಬದುವಿನಮೇಲೆ

ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ. ಇಲ್ಲಿ ತಿಳಿದವರು ಇದ್ದೀರಿ ಅಂತ ಬರೆಯುತ್ತಿದ್ದೇನೆ.

ಅಭಿವೃದ್ಧಿ ಹೊಂದುತ್ತಿರುವ ಯಾವ ದೇಶವನ್ನಾದರೂ ನೋಡಿ. ಒಂದು ಇಲಾಖೆ ಯೂರಿಯಾ, ಕೀಟನಾಶಕ, ಪಂಪಿನ ಕರೆಂಟು ಎಲ್ಲವನ್ನೂ ಅಗ್ಗಕ್ಕೆ ಕೊಡುತ್ತದೆ. ಪಕ್ಕದ ಕೋಣೆಯ ಇನ್ನೊಂದು ಇಲಾಖೆ ಮಣ್ಣು ಉಳಿಸಿ, ನೀರು ಉಳಿಸಿ ಅಂತ ಗೋಡೆ ಮೇಲೆ ಬರೆಸುತ್ತದೆ. ರೈತ ಯಾರ ಮಾತು ಕೇಳಬೇಕು? ಕೈಗೆ ಏನು ಸಿಗುತ್ತದೋ ಅದನ್ನು ನೋಡಿ ನಡೆಯುತ್ತಾನೆ. ಅವನ ಜಾಗದಲ್ಲಿ ನಾವಿದ್ದರೂ ಅಷ್ಟೇ.

2021ರಲ್ಲಿ ವಿಶ್ವಸಂಸ್ಥೆಯ ಮೂರು ಅಂಗಗಳು (ಆಹಾರ ಮತ್ತು ಕೃಷಿ ಸಂಸ್ಥೆ, ಅಭಿವೃದ್ಧಿ ಕಾರ್ಯಕ್ರಮ, ಪರಿಸರ ಕಾರ್ಯಕ್ರಮ) ಸೇರಿ ಒಂದು ಲೆಕ್ಕ ಹಾಕಿದ್ದವು. ಜಗತ್ತಿನ ಸರ್ಕಾರಗಳು ಕೃಷಿಗೆ ಕೊಡುವ ಬೆಂಬಲ ವರ್ಷಕ್ಕೆ ಸುಮಾರು 54,000 ಕೋಟಿ ಡಾಲರ್. ಅದರಲ್ಲಿ ಶೇ 87ರಷ್ಟು ಒಂದೋ ಬೆಲೆಯನ್ನು ತಿರುಚುತ್ತದೆ, ಇಲ್ಲವೇ ಪರಿಸರಕ್ಕೋ ಜನರಿಗೋ ಹಾನಿ ಮಾಡುತ್ತದೆ ಅಂತ ವರದಿ ಹೇಳಿತು.

ಹಾಗಾಗಿ ನನ್ನ ಮಟ್ಟಿಗೆ ಉತ್ತರ ಸುಲಭ. ಈ ಸಬ್ಸಿಡಿಗಳನ್ನು ಒಂದೇ ಏಟಿಗೆ ತೆಗೆದುಹಾಕಬೇಕು. ಬೆಲೆ ಏರಿದರೆ ಬಳಕೆ ತಾನಾಗಿ ಇಳಿಯುತ್ತದೆ. ಜಾಗೃತಿ ಶಿಬಿರ, ಹೊಸ ಕಾನೂನು ಯಾವುದೂ ಬೇಡ. ತಪ್ಪಿದ್ದರೆ ತಿದ್ದಿ.

ಎರೆಹುಳು

ಸಬ್ಸಿಡಿ ಅಷ್ಟೇ ಯಾಕೆ ಸರ್? ರಾಸಾಯನಿಕವನ್ನೇ ನಿಲ್ಲಿಸಿಬಿಡಲಿ. ಸಿಗುವ ತನಕ ಹಾಕುತ್ತಲೇ ಇರುತ್ತಾರೆ. ಸಿಗದಿದ್ದರೆ ಕೊಟ್ಟಿಗೆ ಗೊಬ್ಬರ ನೆನಪಾಗುತ್ತದೆ.

ಲೆಕ್ಕಪತ್ರ

ಎರೆಹುಳು ಅವರೇ, ನೀವು ಹೇಳಿದ್ದನ್ನು ಒಂದು ದೇಶ ಮಾಡಿ ನೋಡಿದೆ. ಶ್ರೀಲಂಕಾ, 2021. ಅಧ್ಯಕ್ಷ ಗೋಟಬಯ ರಾಜಪಕ್ಸ ಚುನಾವಣೆಗೆ ಮುಂಚೆ ಸಾವಯವಕ್ಕೆ ಹತ್ತು ವರ್ಷದಲ್ಲಿ ಹೋಗೋಣ ಅಂದಿದ್ದರು. ಆಮೇಲೆ ಡಾಲರ್ ಕೊರತೆ ಬಂತು. ಗೊಬ್ಬರ ಆಮದಿಗೆ ಹೋಗುವ ದುಡ್ಡು ಉಳಿಸುವ ಆಸೆಯೂ ಅದರೊಳಗೆ ಸೇರಿಕೊಂಡಿತು. ಹತ್ತು ವರ್ಷದ ದಾರಿ ಒಂದು ಆದೇಶಕ್ಕೆ ಇಳಿಯಿತು. ಮೇ ತಿಂಗಳಲ್ಲಿ ಆಮದು ಬಂದ್. ನವೆಂಬರ್ ಹೊತ್ತಿಗೆ ಆದೇಶ ವಾಪಸ್. ಆದರೆ ಅಷ್ಟರಲ್ಲಿ ನಾಟಿಯ ಹೊತ್ತು ಬಂದಿತ್ತು. ಭತ್ತದ ಇಳುವರಿ ಜೋರಾಗಿ ಬಿತ್ತು, ಚಹಾಕ್ಕೂ ಪೆಟ್ಟು ಬಿತ್ತು. ಡಾಲರ್ ಉಳಿಸಲು ಹೊರಟ ದೇಶ ಅಕ್ಕಿ ತರಿಸಲು ಡಾಲರ್ ಹುಡುಕಬೇಕಾಯಿತು.

ಇದು ಸಾವಯವದ ಸೋಲು ಅಂತ ನಾನು ಹೇಳುವುದಿಲ್ಲ. ಅಲ್ಲಿ ಸೋತದ್ದು ಲೆಕ್ಕ. ನೀವೇ ಹಾಕಿ ನೋಡಿ. ಯೂರಿಯಾದಲ್ಲಿ ಶೇ 46 ಸಾರಜನಕ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧ ಶೇಕಡಾದ ಆಸುಪಾಸು. ಒಂದು ಹೆಕ್ಟೇರಿಗೆ 100 ಕಿಲೋ ಸಾರಜನಕ ಬೇಕು ಅಂದುಕೊಳ್ಳಿ. ಯೂರಿಯಾ ಆದರೆ ಸುಮಾರು 217 ಕಿಲೋ, ನಾಲ್ಕೈದು ಚೀಲ. ಸಗಣಿ ಗೊಬ್ಬರ ಆದರೆ 20 ಟನ್! ಅಷ್ಟು ಸಗಣಿಗೆ ಎಷ್ಟು ದನ, ಆ ದನಕ್ಕೆ ಎಷ್ಟು ಮೇವು, ಸಾಗಿಸಲು ಎಷ್ಟು ಗಾಡಿ? ಒಬ್ಬ ರೈತ ನಾಲ್ಕು ವರ್ಷದಲ್ಲಿ ಹೊಂದಿಸಿಕೊಳ್ಳಬಹುದು. ಹಸಿರೆಲೆ ಗೊಬ್ಬರ, ದ್ವಿದಳ ಬೆಳೆಯ ಸರದಿ, ಎಲ್ಲ ಸೇರಿಸಿ. ಒಂದು ಇಡೀ ದೇಶ ಒಂದು ಹಂಗಾಮಿನಲ್ಲಿ? ಸಾಧ್ಯವೇ ಇಲ್ಲ.

ಬದುವಿನಮೇಲೆ ಅವರೇ, ನಿಮ್ಮ "ಒಂದೇ ಏಟಿಗೆ" ಅನ್ನುವ ಮಾತಿಗೂ ಇದೇ ಉತ್ತರ.

ಎರೆಹುಳು

ಒಪ್ಪಿದೆ. ಹತ್ತು ವರ್ಷವನ್ನು ಹತ್ತೇ ವರ್ಷಕ್ಕೆ ಮಾಡಿದ್ದರೆ ಏನಾಗುತ್ತಿತ್ತೋ ಅನ್ನುವ ಕುತೂಹಲ ಮಾತ್ರ ಹೋಗುವುದಿಲ್ಲ.

ಗದ್ದೆಕಪ್ಪೆ

ಸಬ್ಸಿಡಿ ತೆಗೆದು, ನಿಷೇಧವನ್ನೂ ಹಾಕಿ, ಇಳುವರಿ ಬೀಳದೆ ಉಳಿದ ದೇಶವೂ ಇದೆ. ಅದನ್ನು ಯಾರೂ ಎತ್ತುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಕ್ಷಮಿಸಿ.

ಇಂಡೋನೇಷ್ಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿ ಆಯಿತು. ಮರುವರ್ಷ ಆಹಾರ ಮತ್ತು ಕೃಷಿ ಸಂಸ್ಥೆಯಿಂದ ಗೌರವವೂ ಸಿಕ್ಕಿತು. ಅದರ ಬೆನ್ನಿಗೇ ಕಂದು ಜಿಗಿಹುಳು ಜಾವಾದ ಗದ್ದೆಗಳನ್ನು ನುಂಗಲು ಶುರು ಮಾಡಿತು. ಅಕ್ಕಿಕಾಳಿಗಿಂತ ಚಿಕ್ಕ ಹುಳು. ಭತ್ತದ ಬುಡದಲ್ಲಿ ನೂರಾರು ಕೂತು ರಸ ಹೀರುತ್ತವೆ. ಗದ್ದೆ ವೃತ್ತಾಕಾರವಾಗಿ ಒಣಗುತ್ತಾ ಹೋಗುತ್ತದೆ, ಬೆಂಕಿ ತಗುಲಿದ ಹಾಗೆ.

ಆಗ ಅಲ್ಲಿ ಕೀಟನಾಶಕದ ಬೆಲೆಯ ಮುಕ್ಕಾಲು ಪಾಲಿಗಿಂತ ಜಾಸ್ತಿಯನ್ನು ಸರ್ಕಾರವೇ ಕಟ್ಟುತ್ತಿತ್ತು. ರೈತರು ಧಾರಾಳವಾಗಿ ಹೊಡೆದರು. ಹೊಡೆದಷ್ಟೂ ಹುಳು ಜಾಸ್ತಿ ಆಯಿತು. ಯಾಕೆ? ಜಿಗಿಹುಳು ಮೊಟ್ಟೆ ಇಡುವುದು ಗಿಡದ ಅಂಗಾಂಶದ ಒಳಗೆ. ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ಹೊರಗೆ ಓಡಾಡುವ ಜೇಡ, ನೀರಿನ ಮೇಲೆ ಜಾರುವ ತಿಗಣೆ, ಜೀರುಂಡೆ, ಈ ಮಿತ್ರಕೀಟಗಳೆಲ್ಲ ಸಾಯುತ್ತವೆ. ಒಂದು ವಾರಕ್ಕೆ ಮೊಟ್ಟೆ ಒಡೆದು ಮರಿಗಳು ಹೊರಗೆ ಬಂದರೆ ತಿನ್ನುವವರೇ ಇಲ್ಲ. ಅಂದರೆ ಸರ್ಕಾರ ತನ್ನ ದುಡ್ಡು ಹಾಕಿ ಹುಳು ಸಾಕಿದಂತೆ.

1986ರ ನವೆಂಬರಿನಲ್ಲಿ ಅಲ್ಲಿನ ಅಧ್ಯಕ್ಷ ಸುಹಾರ್ತೊ ಆದೇಶ ಹೊರಡಿಸಿದರು. ಭತ್ತಕ್ಕೆ ಹೊಡೆಯುವ 57 ಕೀಟನಾಶಕಗಳು ನಿಷೇಧ. ಎಲ್ಲವೂ ಅಲ್ಲ, ಮಿತ್ರಕೀಟ ಕೊಲ್ಲುವಂಥವು ಮಾತ್ರ. ಸಬ್ಸಿಡಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ 1989ರ ಹೊತ್ತಿಗೆ ಪೂರ್ತಿ ನಿಲ್ಲಿಸಿದರು. ಅದೇ ವರ್ಷ ರೈತರ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಅಲ್ಲಿ ಭಾಷಣ ಇರಲಿಲ್ಲ. ಇಪ್ಪತ್ತೈದು ಮೂವತ್ತು ಜನ ವಾರಕ್ಕೊಮ್ಮೆ ಗದ್ದೆಗೆ ಇಳಿದು, ಬುಡ ಬಿಡಿಸಿ, ಜಿಗಿಹುಳು ಎಷ್ಟು, ಜೇಡ ಎಷ್ಟು ಅಂತ ಎಣಿಸಿ, ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದು, ಈ ವಾರ ಹೊಡೆಯಬೇಕೋ ಬೇಡವೋ ಅಂತ ತಾವೇ ತೀರ್ಮಾನ ಮಾಡುತ್ತಿದ್ದರು. ಬಳಕೆ ತುಂಬಾ ಇಳಿಯಿತು. ಭತ್ತದ ಉತ್ಪಾದನೆ ಇಳಿಯಲಿಲ್ಲ. ಖಜಾನೆಗೆ ವರ್ಷಕ್ಕೆ ಹತ್ತಾರು ಕೋಟಿ ಡಾಲರ್ ಉಳಿತಾಯ.

ಸುಮ್ನೆಓದುಗ

ಸುಹಾರ್ತೊ ಸರ್ವಾಧಿಕಾರಿ ಅಲ್ವಾ? ಅವರು ಹೇಳಿದರೆ ಆಯಿತು ಬಿಡಿ.

ಗದ್ದೆಕಪ್ಪೆ

ಹೌದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಶ್ರೀಲಂಕಾದ ಆದೇಶವೂ ಮೇಲಿಂದಲೇ ಬಂದದ್ದು. ವ್ಯತ್ಯಾಸ ಬೇರೆ ಕಡೆ ಇದೆ. ಇಂಡೋನೇಷ್ಯಾದಲ್ಲಿ ಔಷಧಿ ತೆಗೆದರೆ ಅದರ ಕೆಲಸ ಮಾಡಲು ಜೇಡ ಆಗಲೇ ಗದ್ದೆಯಲ್ಲಿ ಕಾದಿತ್ತು, ಪುಕ್ಕಟೆ. ಶ್ರೀಲಂಕಾದಲ್ಲಿ ಯೂರಿಯಾ ತೆಗೆದರೆ ಅದರ ಕೆಲಸ ಮಾಡಲು ಏನೂ ಕಾದಿರಲಿಲ್ಲ. ಎರಡನ್ನೂ ರಾಸಾಯನಿಕ ಅಂತ ಒಂದೇ ಬುಟ್ಟಿಗೆ ಹಾಕುವುದೇ ತಪ್ಪು.

ಬಿಸಿಲುಕುದುರೆ

ಇಲ್ಲಿ ಎಲ್ಲರೂ ಗೊಬ್ಬರ ಜಾಸ್ತಿ ಆಗಿದೆ ಅಂತಲೇ ಮಾತಾಡುತ್ತಿದ್ದೀರಿ. ಸಹಾರಾದ ಕೆಳಗಿನ ಆಫ್ರಿಕಾದಲ್ಲಿ ಕಥೆ ಉಲ್ಟಾ. ಅಲ್ಲಿ ಹಾಕುವ ಗೊಬ್ಬರ ಜಗತ್ತಿನ ಸರಾಸರಿಯ ಮುಂದೆ ಏನೇನೂ ಅಲ್ಲ. 2006ರಲ್ಲಿ ಅಬುಜಾದಲ್ಲಿ ಆಫ್ರಿಕಾದ ನಾಯಕರು ಸೇರಿ 2015ರೊಳಗೆ ಹೆಕ್ಟೇರಿಗೆ 50 ಕಿಲೋ ಪೋಷಕಾಂಶ ಮುಟ್ಟಿಸೋಣ ಅಂತ ಘೋಷಿಸಿದರು. ಮುಟ್ಟಲಿಲ್ಲ. ಬೆಳೆ ತೆಗೆಯುತ್ತಾರೆ, ಮಣ್ಣಿಗೆ ಏನೂ ವಾಪಸ್ ಹೋಗುವುದಿಲ್ಲ. ಸಾರ ಸತ್ತ ಮೇಲೆ ಪಕ್ಕದ ಕಾಡು ಕಡಿದು ಹೊಸ ಹೊಲ. ಅಲ್ಲಿ ಪರಿಸರ ಹಾಳಾಗುತ್ತಿರುವುದು ಗೊಬ್ಬರ ಇಲ್ಲದ್ದರಿಂದ.

ಮಲಾವಿ 2004-05ರ ಬರದ ಮೇಲೆ, ದಾನಿ ದೇಶಗಳು ಮೂಗು ಮುರಿದರೂ ಕೇಳದೆ, ಸಣ್ಣ ರೈತರಿಗೆ ಕೂಪನ್ ಕೊಟ್ಟು ಗೊಬ್ಬರ, ಬೀಜ ಅಗ್ಗಕ್ಕೆ ಸಿಗುವ ಹಾಗೆ ಮಾಡಿತು. ಮಳೆಯೂ ಕೈಹಿಡಿಯಿತು. ಮೆಕ್ಕೆಜೋಳ ಹೊರಗಿಂದ ತರಿಸುತ್ತಿದ್ದ ದೇಶ ಹೊರಗೆ ಕಳಿಸುವಂತಾಯಿತು. ಇದನ್ನು "ಬೆಲೆ ತಿರುಚುವ ಸಬ್ಸಿಡಿ" ಅಂತ ಆ ಶೇ 87ರ ಒಳಗೆ ಸೇರಿಸಿ ಬೈದರೆ ಹೇಗೆ?

ಲೆಕ್ಕಪತ್ರ

ಬಿಸಿಲುಕುದುರೆ ಅವರು ಹೇಳಿದ್ದು ಸರಿ. ಆದರೆ ಕಥೆಯ ಮುಂದಿನ ಭಾಗವನ್ನೂ ಹೇಳಬೇಕು. ಆ ಕೂಪನ್ ಯೋಜನೆ ಕೆಲವು ವರ್ಷ ಕೃಷಿ ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿಯನ್ನು ತಿಂದಿತು. ಸಂಶೋಧನೆ, ರೈತರಿಗೆ ಹೇಳಿಕೊಡುವ ವಿಸ್ತರಣಾ ಸೇವೆ, ರಸ್ತೆ, ಸಣ್ಣ ನೀರಾವರಿ ಎಲ್ಲ ಬಡವಾದವು. ಜಗತ್ತಿನ ಗೊಬ್ಬರದ ಬೆಲೆ ಏರಿದಾಗಲೆಲ್ಲ ಖಜಾನೆಗೆ ಜ್ವರ. ಒಮ್ಮೆ ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವುದು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಸಬ್ಸಿಡಿಗೆ ಹುಟ್ಟಿದ ದಿನ ಗೊತ್ತಿರುತ್ತದೆ, ಸಾಯುವ ದಿನ ಯಾರೂ ಬರೆದಿಡುವುದಿಲ್ಲ.

ಚಿಗುರು

ನಾನು ದುಡ್ಡಿನ ವಿಷಯ ಬಿಟ್ಟು ಬೇರೆ ಹೇಳುತ್ತೇನೆ. ನೈಜರ್ ದೇಶದ ಮಾತು.

ಸಹಾರಾದ ದಕ್ಷಿಣ ಅಂಚಿನ ಸಹೇಲ್‌ನಲ್ಲಿ 1970, 80ರ ದಶಕದ ಬರಗಾಲಗಳಾದ ಮೇಲೆ ಮರ ನೆಡುವ ಯೋಜನೆಗಳು ಸಾಲುಸಾಲಾಗಿ ಬಂದವು. ನೆಟ್ಟವುಗಳಲ್ಲಿ ಬಹುಪಾಲು ಸತ್ತವು. ಮರಾಡಿ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದ ಟೋನಿ ರಿನಾಡೊ ಅನ್ನುವ ಆಸ್ಟ್ರೇಲಿಯಾದವರು 1980ರ ದಶಕದಲ್ಲಿ ಒಂದು ಸಣ್ಣ ವಿಷಯ ಗಮನಿಸಿದರು. ಹೊಲದಲ್ಲಿ ಕುರುಚಲು ಪೊದೆ ಅಂತ ಕಾಣುತ್ತಿದ್ದದ್ದು ಪೊದೆ ಅಲ್ಲ, ಕಡಿದ ಮರದ ಮೋಟಿನಿಂದ ಬಂದ ಚಿಗುರು. ಬೇರು ಕೆಳಗೆ ಜೀವಂತವಾಗಿಯೇ ಇತ್ತು. ಪ್ರತಿ ವರ್ಷ ಉಳುಮೆಗೆ ಮುಂಚೆ ರೈತರು ಅದನ್ನು ಸವರಿ ಸುಡುತ್ತಿದ್ದರು. ಮಾಡಬೇಕಾದ್ದು ಇಷ್ಟೇ: ಮೋಟಿನಲ್ಲಿ ಬಂದ ಇಪ್ಪತ್ತು ಮೂವತ್ತು ಕುಡಿಗಳಲ್ಲಿ ನೆಟ್ಟಗಿರುವ ಮೂರೋ ಐದೋ ಉಳಿಸಿ, ಮಿಕ್ಕದ್ದು ಕತ್ತರಿಸಿ, ಪಕ್ಕದ ಕೊಂಬೆ ಸವರುತ್ತಾ ಹೋಗುವುದು. ಬೇರು ಹಳೆಯದು, ನೀರು ಕಂಡ ಬೇರು. ಸಸಿಗಿಂತ ಬೇಗ ಮೇಲೇಳುತ್ತದೆ. ನರ್ಸರಿ ಬೇಡ, ಬೇಲಿ ಬೇಡ.

ಇಷ್ಟು ಸುಲಭ ಇದ್ದರೆ ಮೊದಲೇ ಯಾಕೆ ಮಾಡಿರಲಿಲ್ಲ? ನನ್ನ ಪ್ರಕಾರ ನೀತಿ ಅಂದರೆ ಏನು ಅಂತ ಗೊತ್ತಾಗುವುದು ಇಲ್ಲಿ. ಫ್ರೆಂಚ್ ಆಳ್ವಿಕೆ ಕಾಲದ ಅರಣ್ಯ ಕಾನೂನಿನ ಪ್ರಕಾರ ಹೊಲದಲ್ಲಿರುವ ಮರವೂ ಸರ್ಕಾರದ್ದು. ಕೊಂಬೆ ಕಡಿದರೆ ಅರಣ್ಯದವರು ದಂಡ ಹಾಕುತ್ತಾರೆ. ಮರವನ್ನು ಕಾಪಾಡಲು ಮಾಡಿದ ಕಾನೂನು ಅದು! ಹಾಗಾಗಿ ರೈತನಿಗೆ ಮರ ಅಂದರೆ ಕಿರಿಕಿರಿ. ಗಿಡವಾಗಿದ್ದಾಗಲೇ ಕಿತ್ತು ಹಾಕಿದರೆ ನೆಮ್ಮದಿ. 1980ರ ದಶಕದ ಮಧ್ಯದಿಂದ ಅಧಿಕಾರಿಗಳು ಕಣ್ಣು ಮುಚ್ಚಿಕೊಳ್ಳಲು ಶುರು ಮಾಡಿದರು, ಬೆಳೆಸಿದವರೇ ಕಡಿದು ಮಾರಲಿ ಅಂತ. ಕಾನೂನಿನ ಪುಸ್ತಕ ಬದಲಾದದ್ದು ಎಷ್ಟೋ ವರ್ಷದ ಮೇಲೆ, 2004ರಲ್ಲಿ. ಅಷ್ಟರಲ್ಲಿ ಜನ ಮರವನ್ನು ತಮ್ಮದು ಅಂತ ನೋಡಲು ಕಲಿತಿದ್ದರು. ಹೀಗೆ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಬಂತು. ಹೆಚ್ಚೂ ಕಡಿಮೆ 20 ಕೋಟಿ ಮರ ಅಂತ ಅಂದಾಜು. ಉಪಗ್ರಹದ ಚಿತ್ರದಲ್ಲಿ ಗಡಿಯ ಈಚೆ ನೈಜರ್ ಹಸಿರು, ಆಚೆ ನೈಜೀರಿಯಾ ಬೋಳು ಅಂತ ಕಂಡಾಗಲೇ ಹೊರಗಿನವರಿಗೆ ಗೊತ್ತಾದದ್ದು.

ಅಲ್ಲಿ ಗಾವೊ ಅನ್ನುವ ಒಂದು ಮರ ಇದೆ, ನಮ್ಮ ಜಾಲಿಯ ನೆಂಟ. ಮಳೆಗಾಲದಲ್ಲಿ ಎಲೆ ಉದುರಿಸುತ್ತದೆ, ಬೇಸಿಗೆಯಲ್ಲಿ ಚಿಗುರುತ್ತದೆ. ಬೆಳೆಗೆ ನೆರಳು ಬೀಳುವುದಿಲ್ಲ, ಉದುರಿದ ಎಲೆ ಗೊಬ್ಬರ, ಕಾಯಿ ಮೇವು. ಇಂಥ ಮರವನ್ನು ಸಹ ಕಿತ್ತು ಹಾಕುವ ಹಾಗೆ ಮಾಡಿತ್ತಲ್ಲ ಆ ಕಾನೂನು, ಅದೇ ಆಶ್ಚರ್ಯ.

ಬದುವಿನಮೇಲೆ

ಚಿಗುರು ಅವರೇ, ಇದು ನನಗೆ ಗೊತ್ತೇ ಇರಲಿಲ್ಲ. ಒಂದು ರೂಪಾಯಿ ಸಬ್ಸಿಡಿ ಇಲ್ಲದೆ?

ಚಿಗುರು

ತರಬೇತಿಗೆ, ಶುರುವಿನ ವರ್ಷಗಳ ನೆರವಿಗೆ ದುಡ್ಡು ಹೋಗಿದೆ. ಆದರೆ ಅದು ಅಷ್ಟು ದೂರ ಹರಡಿದ್ದು ಯೋಜನೆಯಿಂದಲ್ಲ. ಒಬ್ಬನ ಹೊಲ ನೋಡಿ ಇನ್ನೊಬ್ಬ ಮಾಡಿದ್ದು.

ಇಥಿಯೋಪಿಯಾದಲ್ಲೂ ಹತ್ತಿರದ ಮಾತು ಇದೆ. ಅಲ್ಲಿ ಭೂಮಿ ಸರ್ಕಾರದ್ದೇ. ಮತ್ತೆ ಮತ್ತೆ ಹಂಚಿಕೆ ಆಗುತ್ತಿತ್ತು. ನಾಳೆ ಬೇರೆಯವರಿಗೆ ಹೋಗುವ ಹೊಲಕ್ಕೆ ಕಲ್ಲಿನ ಬದು ಯಾರು ಕಟ್ಟುತ್ತಾರೆ? 1998ರಿಂದ ಟಿಗ್ರೇಯಲ್ಲಿ ಅಕ್ಕಪಕ್ಕದವರ ಸಾಕ್ಷಿ ಇಟ್ಟು ಸಾದಾ ಹಕ್ಕುಪತ್ರ ಕೊಟ್ಟರು. ದುಬಾರಿ ಸರ್ವೆ ಇಲ್ಲ. ಆಮೇಲೆ ಬೇರೆ ಪ್ರಾಂತ್ಯಗಳಲ್ಲಿ ಗಂಡ ಹೆಂಡತಿ ಇಬ್ಬರ ಹೆಸರು, ಫೋಟೊ ಹಾಕಿ ಕೊಟ್ಟರು. ಪತ್ರ ಕೈಗೆ ಬಂದ ಮೇಲೆ ಬದು ಕಟ್ಟುವುದು, ರಿಪೇರಿ ಮಾಡುವುದು ಜಾಸ್ತಿ ಆಯಿತು. ಹೆಂಡತಿಯ ಹೆಸರು ಸೇರಿದ್ದು ಸಣ್ಣ ವಿಷಯ ಅಲ್ಲ. ಕಳೆ ಕೀಳುವವಳು, ನೀರು ಕಟ್ಟುವವಳು ಅವಳೇ ಆಗಿರುತ್ತಾಳೆ. ಕಾಗದದಲ್ಲಿ ಮಾತ್ರ ಎಷ್ಟೋ ದೇಶಗಳಲ್ಲಿ ಅವಳು ಇಲ್ಲವೇ ಇಲ್ಲ.

ಎರೆಹುಳು

ನೀವು ಮರ ನೆಡುವ ಯೋಜನೆ ಅಂದಾಗ ನನ್ನದೂ ಒಂದು ನೆನಪಾಯಿತು. ಹಿಂದೆ ಒಂದು ಯೋಜನೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಮೇಲೆ ಕಳಿಸುವ ನಮೂನೆಯಲ್ಲಿ ಒಂದೇ ಅಂಕಣ: ನೆಟ್ಟ ಸಸಿಗಳ ಸಂಖ್ಯೆ. ಬದುಕಿದ ಸಸಿ ಅಂತ ಅಂಕಣವೇ ಇರಲಿಲ್ಲ. ಎರಡನೇ ವರ್ಷ ಅದೇ ಗುಂಡಿಗೆ ಮತ್ತೆ ನೆಟ್ಟೆವು, ಮತ್ತೆ ಎಣಿಸಿದೆವು. ಕಾಗದದ ಮೇಲೆ ಆ ಗುಡ್ಡದಲ್ಲಿ ಈಗ ದಟ್ಟ ಕಾಡು ಇರಬೇಕು.

ಸುಮ್ನೆಓದುಗ

😂 ಗುಂಡಿ ಒಂದೇ, ಗಿಡ ಎರಡು.

ಲೆಕ್ಕಪತ್ರ

ಒಳ್ಳೆಯ ಉದ್ದೇಶದ ಕಾನೂನು ಎಡವುವುದಕ್ಕೆ ಇನ್ನೊಂದು ಉದಾಹರಣೆ, ಭಾರತದ ಪಂಜಾಬಿನದು. ಅಲ್ಲಿ 1997ರಿಂದ ಪಂಪಿಗೆ ಕರೆಂಟು ಪುಕ್ಕಟೆ, ಭತ್ತಕ್ಕೆ ಸರ್ಕಾರದ ಖರೀದಿ ಖಾತ್ರಿ. ಅಂತರ್ಜಲ ಇಳಿಯುತ್ತಾ ಹೋಯಿತು. 2009ರಲ್ಲಿ ಕಾನೂನು ಬಂತು: ಮೇ 10ಕ್ಕೆ ಮೊದಲು ಸಸಿಮಡಿ ಹಾಕುವಂತಿಲ್ಲ, ಜೂನ್ 10ಕ್ಕೆ ಮೊದಲು ನಾಟಿ ಮಾಡುವಂತಿಲ್ಲ. ಸುಡು ಬೇಸಿಗೆಯಲ್ಲಿ ನೀರು ಆವಿಯಾಗುವುದು ತಪ್ಪಲಿ, ಮಳೆ ಹತ್ತಿರ ಬರಲಿ ಅಂತ. ಯೋಚನೆ ಸರಿಯೇ.

ಆದರೆ ನಾಟಿ ತಡವಾದರೆ ಕೊಯ್ಲೂ ತಡ. ಭತ್ತ ಕೊಯ್ದು ಗೋಧಿ ಬಿತ್ತಲು ಉಳಿಯುವುದು ಎರಡು ಮೂರು ವಾರ. ಯಂತ್ರ ಕೊಯ್ದು ಹೋದ ಮೇಲೆ ಮೊಣಕಾಲುದ್ದ ಕೂಳೆ ನಿಂತಿರುತ್ತದೆ. ಬೇಗ ಹೊಲ ಖಾಲಿ ಮಾಡಲು ಬೆಂಕಿಕಡ್ಡಿಯಷ್ಟು ಅಗ್ಗದ್ದು ಯಾವುದೂ ಇಲ್ಲ. ಆ ಬೆಂಕಿ ಈಗ ಅಕ್ಟೋಬರ್ ಕೊನೆ, ನವೆಂಬರಿಗೆ ಸರಿಯಿತು. ಆಗ ಗಾಳಿ ನಿಧಾನ, ಚಳಿ ಶುರು, ಹೊಗೆ ಮೇಲೆ ಹೋಗದೆ ದೆಹಲಿಯವರೆಗೂ ಕೂತುಬಿಡುತ್ತದೆ. ಕೂಳೆ ಸುಡುವುದಕ್ಕೆ ಈ ಕಾನೂನೊಂದೇ ಕಾರಣ ಅಲ್ಲ. ಆದರೂ ನೀರಿನ ಇಲಾಖೆಯ ಕೆಲಸ ಗಾಳಿಯ ಇಲಾಖೆಯ ತಲೆನೋವಾಯಿತು.

ಮೂಲ ಎರಡನ್ನು, ಪುಕ್ಕಟೆ ಕರೆಂಟು ಮತ್ತು ಭತ್ತದ ಖಾತ್ರಿ ಖರೀದಿ, ಯಾರೂ ಮುಟ್ಟಲಿಲ್ಲ. ಬೇರೆ ಬೆಳೆಗೆ ಅಷ್ಟೇ ಖಾತ್ರಿ ಸಿಗುವ ತನಕ ಮುಟ್ಟುವುದು ನ್ಯಾಯವೂ ಅಲ್ಲ ಅನ್ನಿ.

ಗದ್ದೆಕಪ್ಪೆ

ನೀರಿನ ಮಾತು ಬಂತಲ್ಲ. ಭತ್ತದಲ್ಲಿ ನೀರು ಉಳಿಸುವ ಸುಲಭದ ಉಪಾಯ ಒಂದು ಇದೆ, ಒಮ್ಮೆ ನೀರು ಒಮ್ಮೆ ಒಣಗು ಪದ್ಧತಿ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದನ್ನು ಬಹಳ ಪ್ರಚಾರ ಮಾಡಿತು. ಗದ್ದೆಯಲ್ಲಿ ತೂತು ಕೊರೆದ ಪೈಪು ಹೂತಿಡುವುದು. ಒಳಗೆ ಇಣುಕಿದರೆ ಮಣ್ಣಿನ ಒಳಗಿನ ನೀರಿನ ಮಟ್ಟ ಕಾಣುತ್ತದೆ. ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮಾತ್ರ ಮತ್ತೆ ನೀರು ಕಟ್ಟುವುದು. ಸರಿಯಾಗಿ ಮಾಡಿದರೆ ನೀರು ಶೇ 30ರವರೆಗೂ ಉಳಿಯುತ್ತದೆ, ಇಳುವರಿ ಬೀಳುವುದಿಲ್ಲ. ನಿಂತ ನೀರಿನ ಕೆಸರಿನಿಂದ ಬರುವ, ಭೂಮಿ ಬಿಸಿ ಮಾಡುವ ಮೀಥೇನ್ ಅನಿಲ ಅರ್ಧದ ಆಸುಪಾಸು ಇಳಿಯುತ್ತದೆ.

ಬಾಂಗ್ಲಾದೇಶದಲ್ಲಿ ಇದನ್ನು ವರ್ಷಗಟ್ಟಲೆ ಹೇಳಿಕೊಟ್ಟರು. ಅಂದುಕೊಂಡಷ್ಟು ಹರಡಲಿಲ್ಲ. ರೈತರಿಗೆ ಅರ್ಥ ಆಗಲಿಲ್ಲ ಅಂತಲ್ಲ. ಅಲ್ಲಿ ಬಹಳಷ್ಟು ಕಡೆ ಪಂಪು ಬೇರೆಯವರದ್ದು. ನೀರಿಗೆ ಹಂಗಾಮಿಗೆ ಇಷ್ಟು ಅಂತ ನಿಗದಿ, ಇಲ್ಲವೇ ಬೆಳೆಯಲ್ಲಿ ಪಾಲು, ಕಾಲು ಭಾಗದವರೆಗೂ. ಐದು ಸಲ ಕಟ್ಟಿದರೂ ಅಷ್ಟೇ, ಹದಿನೈದು ಸಲ ಕಟ್ಟಿದರೂ ಅಷ್ಟೇ. ಉಳಿದ ಡೀಸೆಲ್ ಪಂಪಿನ ಯಜಮಾನನಿಗೆ. ಬೆಳಗ್ಗೆ ಎದ್ದು ಪೈಪು ಇಣುಕುವ ಕೆಲಸ ಮಾತ್ರ ರೈತನಿಗೆ. ಯಾರು ಮಾಡುತ್ತಾರೆ ಹೇಳಿ?

ಮೆಕಾಂಗ್ ನದಿಮುಖಜ ಭೂಮಿಯಲ್ಲಿ ವಿಯೆಟ್ನಾಂ ಇದನ್ನು ಒಂಟಿ ಉಪಾಯ ಅಂತ ಮಾರಲಿಲ್ಲ. "ಒಂದು ಕಡ್ಡಾಯ, ಐದು ಕಡಿತ" ಅಂತ ಕಟ್ಟಿ ಕೊಟ್ಟರು. ದೃಢೀಕರಿಸಿದ ಬೀಜ ಕಡ್ಡಾಯ. ಬಿತ್ತನೆ ಪ್ರಮಾಣ, ಗೊಬ್ಬರ, ಔಷಧಿ, ನೀರು, ಕೊಯ್ಲಿನ ನಷ್ಟ ಇವು ಕಡಿತ. ನೀರಿನಲ್ಲಿ ಉಳಿಯದಿದ್ದರೂ ಬೀಜದಲ್ಲಿ, ಔಷಧಿಯಲ್ಲಿ ಆ ವರ್ಷವೇ ಜೇಬಿಗೆ ಉಳಿಯುತ್ತದೆ. ಈಗ 2030ರೊಳಗೆ 10 ಲಕ್ಷ ಹೆಕ್ಟೇರಿನಲ್ಲಿ ಇಂಥ ಅನಿಲ ಕಡಿಮೆ ಬಿಡುವ ಭತ್ತ ಅಂತ ಹೊರಟಿದ್ದಾರೆ.

ಬಿಸಿಲುಕುದುರೆ

ಉಳಿತಾಯ ಜೇಬಿಗೆ ಬಂದರೆ ಸಾಕು ಅನ್ನುವುದೂ ಪೂರ್ತಿ ಸರಿ ಇಲ್ಲ. ಮೊರಾಕ್ಕೊ ನೋಡಿ. 2008ರ ಹಸಿರು ಯೋಜನೆಯಲ್ಲಿ ಹನಿ ನೀರಾವರಿಗೆ ಶೇ 80ರಿಂದ 100ರವರೆಗೂ ಸಬ್ಸಿಡಿ ಕೊಟ್ಟರು. ಹೊಲದ ಮಟ್ಟಿಗೆ ನೀರು ಉಳಿಯಿತು. ಉಳಿದ ನೀರಿನಲ್ಲಿ ಜನ ಇನ್ನಷ್ಟು ಜಮೀನಿಗೆ ನೀರು ಹಾಯಿಸಿದರು, ಧಾನ್ಯ ಬಿಟ್ಟು ಹಣ್ಣು ತರಕಾರಿಗೆ ಹೋದರು. ಮೊದಲು ಕಾಲುವೆಯಿಂದ ಹೊಲಕ್ಕೆ ಹರಿಸಿದಾಗ ಬೇರಿಗೆ ಸಿಗದೆ ಇಂಗಿದ್ದು ಅಂತರ್ಜಲಕ್ಕೆ ವಾಪಸ್ ಹೋಗುತ್ತಿತ್ತು. ಈಗ ಅದೂ ಇಲ್ಲ. ಒಟ್ಟಿನಲ್ಲಿ ಬಾವಿಗಳು ಇನ್ನೂ ಆಳಕ್ಕೆ ಹೋದವು.

ರೈತ ಮಾಡಿದ್ದು ತಪ್ಪಲ್ಲ, ಅವನ ಆದಾಯ ಏರಿತು. ಆದರೆ ಇಷ್ಟಕ್ಕಿಂತ ಜಾಸ್ತಿ ಎತ್ತುವಂತಿಲ್ಲ ಅಂತ ಎಲ್ಲರಿಗೂ ಸೇರಿ ಒಂದು ಮಿತಿ ಹಾಕದೆ, ಬರೀ ಕೊಳವೆ ಕೊಟ್ಟರೆ ಹೀಗೇ ಆಗುವುದು. ಅಂದರೆ ಲಾಭವೂ ಬೇಕು, ಬೇಲಿಯೂ ಬೇಕು.

ಲೆಕ್ಕಪತ್ರ

ಬೇಲಿ ಅಂದಿರಿ. ಬ್ರೆಜಿಲ್ ಅಮೆಜಾನಿನಲ್ಲಿ ಹಾಕಿದ್ದು ಅದನ್ನೇ. 2004ರಲ್ಲಿ ಒಂದೇ ವರ್ಷ ಸುಮಾರು 27,700 ಚದರ ಕಿಲೋಮೀಟರ್ ಕಾಡು ಹೋಗಿತ್ತು. ಆಗ ಉಪಗ್ರಹದಿಂದ ಬೇಗ ಬೇಗ ಎಚ್ಚರಿಕೆ ಸಿಗುವ ವ್ಯವಸ್ಥೆ ತಂದರು, ಅದರ ಬೆನ್ನಿಗೆ ದಾಳಿ, ದಂಡ. 2006ರಲ್ಲಿ ದೊಡ್ಡ ವ್ಯಾಪಾರಿಗಳು ಹೊಸದಾಗಿ ಕಡಿದ ಜಾಗದ ಸೋಯಾ ಕೊಳ್ಳುವುದಿಲ್ಲ ಅಂತ ಒಪ್ಪಿಕೊಂಡರು. ನನಗೆ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು 2008ರ ನಿಯಮ: ಜಮೀನಿನ ಕಾಗದ ಸರಿ ಇಲ್ಲದವರಿಗೆ, ಪರಿಸರ ಕಾನೂನು ಮೀರಿದವರಿಗೆ ಅಲ್ಲಿ ಬ್ಯಾಂಕಿನ ಕೃಷಿ ಸಾಲ ಇಲ್ಲ. ಪೊಲೀಸಿಗಿಂತ ಮ್ಯಾನೇಜರಿಗೆ ಜನ ಹೆದರುತ್ತಾರೆ. 2012ಕ್ಕೆ ಕಡಿತ ಸುಮಾರು 4,600 ಚದರ ಕಿಲೋಮೀಟರಿಗೆ ಇಳಿಯಿತು.

ಆಮೇಲೆ ಕಾವಲು ಸಡಿಲವಾಯಿತು. 2021ರಲ್ಲಿ ಮತ್ತೆ 13,000 ದಾಟಿತು. ಮತ್ತೆ ಬಿಗಿ ಮಾಡಿದ ಮೇಲೆ 2023ರಲ್ಲಿ ಇಳಿಯಿತು.

ಎರೆಹುಳು

ದಂಡಕ್ಕಿಂತ ಕೂಲಿ ಕೊಡುವುದು ಒಳ್ಳೆಯದು ಅನ್ನುವವನು ನಾನು. ಕೋಸ್ಟರಿಕಾ 1996ರ ಅರಣ್ಯ ಕಾನೂನಿನಲ್ಲಿ ಕಾಡು ಉಳಿಸಿಕೊಂಡ ಜಮೀನಿನವರಿಗೆ ವರ್ಷಕ್ಕೆ ಇಷ್ಟು ಅಂತ ಕೊಡಲು ಶುರು ಮಾಡಿತು. ದುಡ್ಡು ಎಲ್ಲಿಂದ? ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯ ಶೇ 3.5. ಹೊಗೆ ಬಿಡುವವರು ಕಟ್ಟುತ್ತಾರೆ, ಹೊಗೆ ಹೀರುವ ಮರದವರಿಗೆ ಹೋಗುತ್ತದೆ. ಈಗ ದೇಶದ ಅರ್ಧಕ್ಕಿಂತ ಜಾಸ್ತಿ ಕಾಡು.

ಲೆಕ್ಕಪತ್ರ

ಅದರಲ್ಲೂ ಒಂದು ಕೊಕ್ಕೆ ಇದೆ. ಅದೇ ಕಾನೂನು ಕಾಡು ಕಡಿದು ಬೇರೆ ಬಳಕೆಗೆ ತಿರುಗಿಸುವುದನ್ನೂ ನಿಷೇಧಿಸಿತು. ದನ ಸಾಕುವ ಲಾಭವೂ ಮೊದಲೇ ಇಳಿದಿತ್ತು. ಹೇಗೂ ಕಡಿಯದೇ ಇರುತ್ತಿದ್ದವರಿಗೂ ದುಡ್ಡು ಹೋಗಿದೆ ಅಂತ ಟೀಕೆ ಇದೆ. ಆದರೂ ದುಡ್ಡು ಸಿಗುತ್ತದೆ ಅಂತಲೇ ಆ ನಿಷೇಧವನ್ನು ಜನ ಸಹಿಸಿಕೊಂಡರು ಅಂತ ನನ್ನ ಅನಿಸಿಕೆ.

ಬಿಸಿಲುಕುದುರೆ

ಇದೆಲ್ಲ ದೇಶದ ಒಳಗಿನ ಮಾತು. ಹೊರಗಿನಿಂದ ಬರುವ ಬೇಲಿಗೆ ಏನು ಹೇಳುತ್ತೀರಿ? ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. 2020ರ ಡಿಸೆಂಬರ್ 31ರ ಮೇಲೆ ಕಾಡು ಕಡಿದ ಜಾಗದ ಕಾಫಿ, ಕೋಕೊ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನದ ಉತ್ಪನ್ನ ಒಳಗೆ ಬರುವಂತಿಲ್ಲ. ಪ್ರತಿ ಹೊಲ ಭೂಪಟದಲ್ಲಿ ಎಲ್ಲಿದೆ ಅಂತ ನಿಖರವಾಗಿ ತೋರಿಸಬೇಕು. ದೊಡ್ಡ ತೋಟದ ಕಂಪನಿಗೆ ಇದು ಒಬ್ಬ ಗುಮಾಸ್ತನ ಕೆಲಸ. ಒಂದು ಹೆಕ್ಟೇರ್ ಕಾಫಿ ಇರುವ ಇಥಿಯೋಪಿಯಾದವನಿಗೆ? ಅವನು ಒಂದು ಮರವನ್ನೂ ಕಡಿದಿರುವುದಿಲ್ಲ, ನೆರಳಿನಲ್ಲೇ ಬೆಳೆಯುತ್ತಾನೆ. ತೋರಿಸಲು ಕಾಗದ ಇಲ್ಲ ಅಷ್ಟೇ. ಜಾರಿಯನ್ನು ಮುಂದೂಡುತ್ತಾ ಬಂದಿದ್ದಾರೆ, ಆದರೆ ಅಳತೆಯ ಖರ್ಚು ಯಾರದ್ದು ಅನ್ನುವ ಪ್ರಶ್ನೆ ಹಾಗೇ ಇದೆ. ತಮ್ಮ ರೈತರಿಗೆ ಧಾರಾಳವಾಗಿ ಕೊಡುವ ದೇಶಗಳೇ ಬೇರೆಯವರ ಸಬ್ಸಿಡಿ ಎಣಿಸುವುದನ್ನು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 1995ರಿಂದ ನೋಡುತ್ತಿದ್ದೇವೆ.

ಬದುವಿನಮೇಲೆ

ಮೂರು ದಿನದಿಂದ ಓದಿದೆ. ಮೊದಲು ಬರೆದ "ಒಂದೇ ಏಟಿಗೆ" ವಾಪಸ್ ತೆಗೆದುಕೊಂಡೆ. ಈಗ ನನ್ನ ಪ್ರಶ್ನೆ ಬದಲಾಗಿದೆ. ಯಾವುದೇ ಯೋಜನೆ ಬಂದರೂ ಎರಡು ವಿಷಯ ನೋಡುತ್ತೇನೆ. ರೈತ ಏನು ಉಳಿಸಬೇಕು ಅಂತ ಹೇಳುತ್ತಿದ್ದಾರೋ, ಆ ಉಳಿತಾಯ ಅವನ ಕೈಗೆ ಬರುತ್ತದಾ, ಇಲ್ಲ ಬೇರೆಯವರಿಗೆ ಹೋಗುತ್ತದಾ? ಹಳೆಯದನ್ನು ತೆಗೆಯುವ ದಿನ ಅದರ ಜಾಗಕ್ಕೆ ಬರುವುದು ಹೊಲದಲ್ಲಿ ಇದೆಯಾ, ಇಲ್ಲ ಬರೀ ಕಡತದಲ್ಲಿ ಇದೆಯಾ? ನೈಜರ್ ಮೊದಲನೆಯದಕ್ಕೆ ಉತ್ತರ, ಶ್ರೀಲಂಕಾ ಎರಡನೆಯದಕ್ಕೆ.

ಮಲಾವಿ ಮಾತ್ರ ಇನ್ನೂ ಬಗೆಹರಿದಿಲ್ಲ ನನಗೆ. ಹಸಿದ ಮಣ್ಣಿಗೆ ಗೊಬ್ಬರ ಕೊಟ್ಟದ್ದು ಸರಿ. ನಿಲ್ಲಿಸುವುದು ಯಾವಾಗ?

ಬಿಸಿಲುಕುದುರೆ

ಗೊಬ್ಬರದ ಜೊತೆಗೇ ತೊಗರಿ ಥರದ ದ್ವಿದಳವನ್ನು ಮೆಕ್ಕೆಜೋಳದ ಸಾಲಿನ ನಡುವೆ ಹಾಕಿಸುವುದು ಮಲಾವಿಯಲ್ಲೇ ನಡೆದಿದೆ. ಮಣ್ಣಿನ ಸಾರ ಏರಿದಂತೆ ಕೂಪನ್ ಇಳಿಸಬಹುದು. ಆದರೆ ತೊಗರಿ ಕೊಳ್ಳುವವರು ಬೇಕು. 2016ರ ಮೇಲೆ ಹೊರಗಿನ ಖರೀದಿ ಕುಸಿದಾಗ ಆಫ್ರಿಕಾದ ಪೂರ್ವ ಭಾಗದ ರೈತರು ತೊಗರಿ ಹಿಡಿದು ಕೂತಿದ್ದರು. ಮಣ್ಣಿಗೆ ಒಳ್ಳೆಯದು ಅಂತ ಹೇಳಿ ಅವರನ್ನು ಮತ್ತೆ ಒಪ್ಪಿಸುವುದು ಕಷ್ಟ.

ಎರೆಹುಳು

ಬೆಳೆಯ ಉಳಿಕೆಯನ್ನು ಹೊಲದಲ್ಲೇ ಬಿಡಿ ಅನ್ನುವ ಉಪದೇಶದ್ದೂ ಅದೇ ಕಥೆ. ಮಣ್ಣಿಗೆ ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ದನ ಏನು ತಿನ್ನಬೇಕು ಅಂತ ಕೇಳಿದರೆ ಉಪದೇಶ ಮಾಡಿದವರು ಜೀಪು ಹತ್ತಿರುತ್ತಾರೆ.

ಸುಮ್ನೆಓದುಗ

ಇಷ್ಟು ದಿನ ಸುಮ್ನೆ ಓದಿ ತಮಾಷೆ ಮಾಡಿದೆ, ಒಂದು ಕೆಲಸದ ಪ್ರಶ್ನೆ ಕೇಳಲಾ? ಗದ್ದೆಕಪ್ಪೆ ಅವರೇ, ಆ ಪೈಪು ಎಷ್ಟು ಉದ್ದ ಇರಬೇಕು? ಪ್ಲಾಸ್ಟಿಕ್ಕೇ ಆಗಬೇಕಾ?

ಗದ್ದೆಕಪ್ಪೆ

30 ಸೆಂಟಿಮೀಟರ್ ಸಾಕು. 20 ಮಣ್ಣಿನ ಒಳಗೆ, 10 ಮೇಲೆ. ಒಳಗಿರುವ ಭಾಗಕ್ಕೆ ಸುತ್ತಲೂ ತೂತು. ಹೂತ ಮೇಲೆ ಒಳಗಿನ ಮಣ್ಣು ತೆಗೆದುಬಿಡಿ, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಕೈ ಹೋಗುವಷ್ಟು ಅಗಲ ಇದ್ದರೆ ಒಳ್ಳೆಯದು. ಬಿದಿರೂ ನಡೆಯುತ್ತದೆ. ಬದುವಿನ ಹತ್ತಿರ ಇಡಿ, ನೋಡಲು ಗದ್ದೆಗೆ ಇಳಿಯಬೇಕಾಗಬಾರದು. ನಾಟಿಯಾದ ಮೇಲೆ ಎರಡು ವಾರ, ಕಳೆ ಬರದ ಹಾಗೆ, ಗದ್ದೆಯಲ್ಲಿ ನೀರು ನಿಂತಿರಲಿ, ಹೂ ಬರುವ ಹೊತ್ತಿಗೂ ನಿಂತಿರಲಿ. ಮಧ್ಯದಲ್ಲಿ ಮಾತ್ರ ಒಣಗಿಸುವ ಆಟ.

ಸುಮ್ನೆಓದುಗ

ಕಾಲುವೆ ನೀರಾದರೆ? ಹದಿನೈದು ದಿನಕ್ಕೊಮ್ಮೆ ಬಿಡುತ್ತಾರೆ, ಅದೂ ಯಾವಾಗ ಅಂತ ಹೇಳುವುದಿಲ್ಲ.

ಗದ್ದೆಕಪ್ಪೆ

ಹಾಗಿದ್ದರೆ ಪೈಪು ಹೂತು ಪ್ರಯೋಜನ ಇಲ್ಲ. ನೀರು ಬಂದ ದಿನ ಬದು ತುಂಬಾ ಕಟ್ಟಿಕೊಳ್ಳದೆ ನಿಮಗೂ ಬೇರೆ ದಾರಿ ಇಲ್ಲ. ಮೊದಲು ಸರದಿ ಯಾರು ಹಾಕುತ್ತಾರೆ, ಗೇಟಿನ ಬೀಗ ಯಾರ ಹತ್ತಿರ ಇದೆ ಅಂತ ವಿಚಾರಿಸಿ. ಸರದಿಯ ಪಟ್ಟಿ ಸಿಕ್ಕಿದರೆ ಇಲ್ಲೇ ಹಾಕಿ, ಕೂತು ನೋಡೋಣ.